ಎರಡು ಮನೆ, ಒಂದೇ ಚಕ್ಕುಬಂದಿ

ಬೇಲಿ ಬಿದ್ದದ್ದರಿಂದ ಇಷ್ಟೆಲ್ಲ ಆಯಿತು. ಫೆಬ್ರುವರಿಯ ಗಾಳಿಗೆ ಲಂಡನ್ನಿನ ಅಂಚಿನ ಹೇಸ್‌ನ ಆ ಸಾಲುಮನೆಗಳ ಹಿತ್ತಿಲಲ್ಲಿದ್ದ ಮರದ ಬೇಲಿಗಳು ನಾಲ್ಕಾರು ಕಡೆ ಮಲಗಿಬಿಟ್ಟವು. ಉಳಿದವರು ಬಾಡಿಗೆಮನೆ ನೋಡಿಕೊಳ್ಳುವ ಏಜೆಂಟನಿಗೆ ಫೋನು ಮಾಡಿ ತೆಪ್ಪಗಾದರು. ನಿಜಲಿಂಗಪ್ಪ ತೆಪ್ಪಗಾಗುವ ಪೈಕಿ ಅಲ್ಲ. ಮೂವತ್ತನಾಲ್ಕು ವರ್ಷ ವಿಜಯಪುರದ ಕಡೆ ಸರ್ವೇಯರ್ ಆಗಿದ್ದ ಮನುಷ್ಯ. ಗಡಿಯ ಗುರುತು ಬಿದ್ದಿದೆ ಎಂದರೆ ಅವನಿಗೆ ಊಟ ಸೇರುವುದಿಲ್ಲ. ಮಗಳು ಪ್ರಿಯಾಂಕಾ ಕೆಲಸಕ್ಕೆ ಹೋದದ್ದೇ ತಡ, ಟೇಪು ಹಿಡಿದು ಹಿತ್ತಿಲಿಗಿಳಿದು ಆ ಕಡೆಯಿಂದ ಈ ಕಡೆಯಿಂದ ಅಳೆದು, ಒಂಬತ್ತು ಇಂಚು ಒತ್ತುವರಿ ಆಗಿದೆ ಎಂದು ಕಂಡುಹಿಡಿದ. ಒತ್ತುವರಿ ಮಾಡಿದವರು ಪಕ್ಕದ ಮನೆಯವರಲ್ಲ, ತಾವೇ.

ಬೇರೆ ಯಾರಾದರೂ ಆಗಿದ್ದರೆ ಟೇಪು ಸುತ್ತಿಟ್ಟು ಚಹಾ ಕುಡಿಯುತ್ತಿದ್ದರು. ಇವನು ಕೋಟು ಹಾಕಿಕೊಂಡು ಪಕ್ಕದ ಮನೆಯ ಬೆಲ್ ಒತ್ತಿದ. ಬಾಗಿಲು ತೆರೆದವಳು ಎಂಬತ್ತನಾಲ್ಕರ ಮುದುಕಿ ಸಾಮಿಯಾ. ಆರು ವರ್ಷದಿಂದ ಇಬ್ಬರೂ ಕಸದ ಡಬ್ಬಿ ಹೊರಗಿಡುವಾಗ ತಲೆ ಆಡಿಸಿದ್ದುಂಟು, ಅಷ್ಟೇ. ನಿಮ್ಮ ಜಾಗ ಒಂಬತ್ತು ಇಂಚು ನಮ್ಮ ಕಡೆ ಬಂದಿದೆ, ಹೊಸ ಬೇಲಿ ಹಾಕುವಾಗ ಹೇಳಿ ಸರಿಸಿಕೊಳ್ಳಿ ಎಂದು ಇವನು ತನ್ನ ಒಡಕು ಇಂಗ್ಲಿಷಿನಲ್ಲಿ ಒಪ್ಪಿಸಿದ. ಅವಳ ಇಂಗ್ಲಿಷೂ ಅಷ್ಟಕ್ಕಷ್ಟೇ. ಆದರೆ ಈ ಮನುಷ್ಯನ ಕಿವಿ ಎಂಥದೆಂದರೆ ಯಾರು ಯಾವ ಭಾಷೆಯಲ್ಲಿ ಆಡಿದರೂ ಅದು ವಿಜಯಪುರದ ಮಾತಾಗಿಯೇ ಒಳಗೆ ಇಳಿಯುತ್ತಿತ್ತು.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. "ನನ್ನ ಆಯುಷ್ಯದಾಗ ನೆಲಾ ವಾಪಸ್ ಕೊಡ್ತೀನಿ ಅಂತ ಬಂದಾವ್ರು ನೀವೊಬ್ರ ನೋಡ್ರಿ," ಅಂದಳು. "ಒಳಗ ಬರ್ರಿ."

ಅವಳ ಊರು ಬೈತ್ ಸುಮ್ಮಾಕ. ಪ್ಯಾಲೆಸ್ಟೈನಿನಲ್ಲಿ, ಜಾಫಾ ಪಟ್ಟಣಕ್ಕೆ ಕತ್ತೆಯ ಮೇಲೆ ಅರ್ಧ ದಿನದ ದಾರಿ. ನಲವತ್ತೆಂಟನೆಯ ಇಸವಿಯಲ್ಲಿ, ಅವಳಿಗೆ ಎಂಟು ವರ್ಷವಿದ್ದಾಗ, ಒಂದು ಬೆಳಗಿನ ಜಾವ ಸೈನಿಕರು ಬರುತ್ತಿದ್ದಾರೆಂದು ಊರಿಗೆ ಊರೇ ಎದ್ದು ನಡೆದಿತ್ತು. ವಾರದ ಮಟ್ಟಿಗೆ ಎಂದು ಹೊರಟವರು ಮತ್ತೆ ಒಳಗೆ ಕಾಲಿಡಲಿಲ್ಲ. ಆಮೇಲೆ ಮನೆಗಳನ್ನು ಕೆಡವಿ ಮೇಲೆ ಪೈನ್ ಗಿಡ ಹಚ್ಚಿದರು. ಅವಳ ಜೊತೆಗಿರುವ ತಂಗಿಯ ಮಗಳು ರೀಮಾ, ಫೆಲ್ಥಮ್‌ನ ಶಾಲೆಯೊಂದರಲ್ಲಿ ಟೀಚರು, ಒಮ್ಮೆ ಹೋಗಿ ಫೋಟೋ ತಂದಿದ್ದಳು: ಗಿಡಗಳು, ಬಾವಿಯ ಕಟ್ಟೆಯ ಅರ್ಧ, ಪಾಪಾಸುಕಳ್ಳಿಯ ಬೇಲಿ.

ಕಳ್ಳಿ ನೋಡಿದ್ದೇ ನಿಜಲಿಂಗಪ್ಪನ ಕಣ್ಣು ಅರಳಿತು. ಕಳ್ಳಿ ಬೇಲಿ ಎಂದರೆ ಹೊಲದ ಗಡಿ. ಗಡಿ ಉಳಿದಿದೆ ಎಂದರೆ ನಕ್ಷೆ ಆಗುತ್ತದೆ. ಯಾವ ನೀರು ಬಂದಿತ್ತು, ಯಾವ ಅಣೆಕಟ್ಟು ಎಂದು ಕೇಳಿದ. ಊರು ಹೋಯಿತು ಎಂದರೆ ಅವನಿಗೆ ಗೊತ್ತಿದ್ದದ್ದು ಅದೊಂದೇ ಬಗೆ. ಅವನ ನೌಕರಿಯ ಅರ್ಧ ಕೃಷ್ಣೆಯ ಹಿನ್ನೀರಿಗೆ ಹೋಗುವ ಊರುಗಳನ್ನು ಅಳೆಯುವುದರಲ್ಲೇ ಕಳೆದಿತ್ತು. ನೀರಲ್ಲ ಎಂದು ರೀಮಾ ಎರಡು ಸಲ ಹೇಳಿದರೂ ತಲೆಗೆ ಹೋಗಲಿಲ್ಲ. ಹಾಗಾದರೆ ಹೊಸ ಊರು ಎಲ್ಲಿ ಕಟ್ಟಿಕೊಟ್ಟರು ಎಂದು ಕೇಳಿದ. ಎಲ್ಲೂ ಇಲ್ಲ ಎಂದಳು. ಇವನು ಕಾಫಿಯ ಕಪ್ಪು ಕೆಳಗಿಟ್ಟ. ಊರು ಖಾಲಿ ಮಾಡಿಸಿ, ಇನ್ನೊಂದು ಕಡೆ ನಂಬರಿನ ಕಲ್ಲೂ ನೆಡದೆ ಇರುವುದು ಹೇಗೆ? ಯಾವ ಫೈಲಿನಲ್ಲಿ ಅದು ನಡೆಯುತ್ತದೆ? ಮನೆಗೆ ಬಂದಮೇಲೂ ಅದೇ ಗೊಂದಲ.

ಆಗ ಸಾಮಿಯಾಳ ಮನೆಯಲ್ಲಿ ಒಂದು ತಕರಾರು ನಡೆದಿತ್ತು. ಆ ಊರಿನವರ ಮಕ್ಕಳು ಮೊಮ್ಮಕ್ಕಳು ಲೋಕದ ತುಂಬ ಚೆದರಿದ್ದಾರೆ; ಅವರೆಲ್ಲ ಸೇರಿ ಊರಿನ ಚರಿತ್ರೆಯ ಪುಸ್ತಕ ತರುತ್ತಿದ್ದರು, ಲಂಡನ್ನಿನ ಕಡೆಯಿಂದ ರೀಮಾಳದೇ ಓಡಾಟ. ಪುಸ್ತಕದ ನಡುವೆ ಊರಿನ ನಕ್ಷೆ, ಮನೆ ಮನೆಗೆ ನಂಬರು, ನಂಬರಿನ ಎದುರು ಹೆಸರು. ಅಮ್ಮಾನಿನಲ್ಲಿದ್ದ ಅಬು ನಾಯೆಫ್ ಎಂಬ ಎಂಬತ್ತೆಂಟರ ಮುದುಕ ನೆನಪಿನ ಮೇಲೆ ಒಂದು ನಕ್ಷೆ ಬರೆದು ಕಳಿಸಿದ್ದ. ಅರವತ್ತೊಂದು ಮನೆ. ಅದರಲ್ಲಿ ಸಾಮಿಯಾಳ ಅಪ್ಪ ಖಲೀಲನ ಮನೆ ಇರಲಿಲ್ಲ. ಖಲೀಲ ಬೇರೆ ಊರಿಂದ ಬಂದವನು, ಬಾವಿಯ ಹಗ್ಗ ಹೊಸೆಯುವವನು, ಅವನಿಗೆ ನಮ್ಮೂರಲ್ಲಿ ಮನೆಯೇ ಇರಲಿಲ್ಲ ಎಂದು ಆ ಮುದುಕನ ವಾದ. ಸಾಮಿಯಾಳಿಗೆ ಬೇಕಾಗಿದ್ದುದು ಆ ಒಂದು ನಂಬರು. ಅವಳಿಗೆ ಮಕ್ಕಳಿಲ್ಲ, ಅಪ್ಪನ ಗೋರಿ ಎಲ್ಲಿದೆಯೋ ಅದೂ ಗೊತ್ತಿಲ್ಲ, ಈ ಪುಸ್ತಕ ಬಿಟ್ಟರೆ ಖಲೀಲ ಎಂಬೊಬ್ಬ ಎಲ್ಲಿಯಾದರೂ ಇದ್ದ ಎಂದು ಹೇಳುವ ಕಾಗದ ಇನ್ನೊಂದಿಲ್ಲ. ಏಪ್ರಿಲ್ ಕೊನೆಗೆ ಪುಸ್ತಕ ಅಚ್ಚಿಗೆ ಹೋಗುವುದಿತ್ತು.

ನಾನು ಮಾಡಿಕೊಡುತ್ತೇನೆ ಎಂದ ನಿಜಲಿಂಗಪ್ಪ. ಯಾರೂ ಕೇಳಿರಲಿಲ್ಲ.

ಅವನ ಹತ್ತಿರ ಒಂದು ಪಾಠವಾದ ದಾರಿ ಇತ್ತು. ನಮ್ಮ ಕಡೆ ಯಾವ ಜಾಗದ ಪತ್ರ ತೆಗೆದರೂ ಅದರಲ್ಲಿ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರದು, ಉತ್ತರಕ್ಕೇನು, ದಕ್ಷಿಣಕ್ಕೇನು. ನಾಲ್ಕು ಕಡೆ ಹೇಳಿದರೆ ಜಾಗ ಸಿಕ್ಕಿತು. ಒಬ್ಬ ನನ್ನ ಪೂರ್ವಕ್ಕೆ ಇಂಥವನು ಎಂದರೆ, ಆ ಇಂಥವನು ನನ್ನ ಪಶ್ಚಿಮಕ್ಕೆ ಇವನೇ ಎನ್ನಬೇಕು. ಎರಡೂ ಕೂಡಿದರೆ ಸತ್ಯ, ಕೂಡದಿದ್ದರೆ ಯಾರೋ ಬೂಸಿ ಬಿಡುತ್ತಿದ್ದಾರೆ. ರೀಮಾ ಹತ್ತು ಹದಿನೈದು ಮುದುಕರ ಮಾತು ರೆಕಾರ್ಡು ಮಾಡಿಟ್ಟಿದ್ದಳು. ಅವಳು ಕೇಳಿ ಕೇಳಿ ಹೇಳಿದಳು, ಇವನು ಬರೆದುಕೊಂಡ. ಉಳಿದದ್ದಕ್ಕೆ ಸಾಮಿಯಾ ಇದ್ದಳು. ಅವಳಿಗೆ ಪೂರ್ವ ಪಶ್ಚಿಮ ಇರಲಿಲ್ಲ, ಗುಡ್ಡದ ಕಡೆ, ಸಮುದ್ರದ ಕಡೆ ಎನ್ನುತ್ತಿದ್ದಳು. ಇವನನ್ನು ಇಂಜಿನಿಯರ್ ಎಂದು ಕರೆಯುತ್ತಿದ್ದಳು. ನಾನು ಇಂಜಿನಿಯರ್ ಅಲ್ಲ ಎಂದು ಮೂರು ಸಲ ತಿದ್ದಿ, ನಾಲ್ಕನೆಯ ಸಲಕ್ಕೆ ಬಿಟ್ಟುಬಿಟ್ಟ. ಕೇಳಲು ಚೆನ್ನಾಗಿಯೇ ಇತ್ತಲ್ಲ!

ಎರಡು ತಿಂಗಳು ಪ್ರಿಯಾಂಕಾಳ ಊಟದ ಟೇಬಲ್ಲು ಬೈತ್ ಸುಮ್ಮಾಕವಾಗಿ ಹೋಯಿತು. ತಟ್ಟೆ ಇಡಬೇಕೆಂದರೆ ಮಸೀದಿ ಸರಿಸಬೇಕು. ಒಂದೊಂದೇ ಮನೆ ಪಕ್ಕದ್ದಕ್ಕೆ ಹೊಂದಿಕೊಳ್ಳುತ್ತ, ಓಣಿಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತ, ಅರವತ್ತೊಂದೂ ಮನೆ ಸರಿಯಾಗಿ ಕೂತವು. ಅಬು ನಾಯೆಫನ ನಕ್ಷೆಯಲ್ಲಿದ್ದ ನಾಲ್ಕು ತಪ್ಪುಗಳನ್ನೂ ಇವನೇ ಹಿಡಿದ. ಹಿಡಿದು ಬೀಗಿದ.

ಕೂರದೆ ಉಳಿದದ್ದು ಒಂದೇ, ಸಾಮಿಯಾಳದ್ದು. ಅವಳು ಹೇಳಿದ ಚಕ್ಕುಬಂದಿ ಹೀಗೆ: ಗುಡ್ಡದ ಕಡೆ ಮಸೀದಿಯ ಅಂಗಳ, ಸಮುದ್ರದ ಕಡೆ ರೊಟ್ಟಿ ಸುಡುವ ಒಲೆಮನೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಕಣ. ಹದಿನೇಳನೆಯ ನಂಬರಿನ ಮನೆಯ ಚಕ್ಕುಬಂದಿಯೂ ಹೀಗೆಯೇ. ಮಸೀದಿಯ ಅಂಗಳ, ಒಲೆಮನೆ, ಓಣಿ, ಕಣ. ಅದು ಹಾಜಿ ಮೂಸಾನ ಮನೆ, ಅಂದರೆ ಅಬು ನಾಯೆಫನ ಅಪ್ಪನ ಮನೆ. ಮೂರು ಜನ ಬೇರೆ ಬೇರೆ ದೇಶದಲ್ಲಿ ಕೂತು ಅದೇ ಜಾಗ ತೋರಿಸಿದ್ದರು.

ಹಾಗಾದರೆ ಹಾಜಿ ಮೂಸಾನ ಮನೆ ನಿಮ್ಮಿಂದ ಯಾವ ಕಡೆಗಿತ್ತು ಎಂದು ಕೇಳಿದರೆ, ಅಲ್ಲೇ ಎನ್ನುತ್ತಿದ್ದಳು. ಅಲ್ಲೇ ಎಂದರೆ ಎಲ್ಲಿ, ಗುಡ್ಡದ ಕಡೆಯೋ ಸಮುದ್ರದ ಕಡೆಯೋ? ಒಂದು ವಾರ ಗುಡ್ಡದ ಕಡೆ ಎಂದಳು. ಮುಂದಿನ ವಾರ ಸಮುದ್ರದ ಕಡೆ. ಮೂರನೆಯ ವಾರ ಕೈಯನ್ನು ಗಾಳಿಯಲ್ಲಿ ಸುಮ್ಮನೆ ಆಡಿಸಿ, ನಮ್ಮ ಜೋಡಿನೇ ಇದ್ದರು ಎಂದಳು. ನಿಜಲಿಂಗಪ್ಪನ ತಲೆ ಗಿರ್ರೆಂದಿತು. ಹಾಳೆ ತಿರುಗಿಸಿ ನೋಡಿದ, ಓಣಿ ಅಗಲ ಮಾಡಿ ನೋಡಿದ, ಒಲೆಮನೆಯನ್ನು ಎರಡು ಗಜ ಆಚೆಗೆ ತಳ್ಳಿ ನೋಡಿದ. ಆಗ ಇಪ್ಪತ್ತಮೂರನೆಯ ಮನೆ ಬಾವಿಯೊಳಗೆ ಬಿತ್ತು. ತಾನೇ ಎಲ್ಲೋ ಎಡವಿದೆನೇ? ಮುದುಕಿಗೆ ಮರೆವೇ? ಇಲ್ಲಾ, ಇನ್ನೊಂದೇ?

ಆ ಇನ್ನೊಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಚಕ್ಕುಬಂದಿ ಎರಡು ಹೆಸರಿನಲ್ಲಿ ಬಂದರೆ ಒಂದು ಬೋಗಸ್. ಮುಳುಗಡೆಯ ಕಾಲದಲ್ಲಿ ರಾತ್ರೋರಾತ್ರಿ ಗೋಡೆ ಎಬ್ಬಿಸಿ ನಮ್ಮದೂ ಮನೆ ಎಂದವರನ್ನು ಅವನು ಎಷ್ಟು ಕಂಡಿಲ್ಲ! ಆದರೆ ಈ ಮುದುಕಿ? ಇವನಿಗೆ ಏಲಕ್ಕಿ ಹಾಕಿದ ಕಾಫಿ ಕೊಟ್ಟು, ಇವನ ಮೊಣಕಾಲಿಗೆ ತನ್ನ ಎಣ್ಣೆ ಕೊಟ್ಟು, ಅಪ್ಪ ಹೊಸೆದ ಹಗ್ಗದ ಮಾತು ಬಂದರೆ ಅಂಗೈ ನೋಡಿಕೊಂಡು ಕೂರುವ ಮುದುಕಿ? ಅವನಿಗೆ ಹೇಸಿಗೆಯಾಯಿತು, ಅವಳ ಮೇಲಲ್ಲ, ತನ್ನ ಅನುಮಾನದ ಮೇಲೆ. ಆದರೂ ಅನುಮಾನ ಹೋಗಲಿಲ್ಲ.

ಅವನು ಮುಚ್ಚಿಡುವವನಲ್ಲ. ಹೋಗಿ ಹೇಳಿಯೇಬಿಟ್ಟ. "ಅಕ್ಕಾರ, ಆ ಜಾಗಾ ಹಾಜಿ ಮೂಸಾರದು. ನಾಕೂ ದಿಕ್ಕು ಕೂಡತಾವ. ನಿಮ್ಮ ಮನಿಗೆ ಜಾಗಾ ಇಲ್ರಿ."

ಸಾಮಿಯಾ ಬೈಯಲಿಲ್ಲ, ಅಳಲಿಲ್ಲ. ಅವನ ಕಪ್ಪಿನಲ್ಲಿ ಅರ್ಧ ಕಾಫಿ ಇರುವಾಗಲೇ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಅಲ್ಲಿಂದ ಹತ್ತು ದಿನ ಆ ಬಾಗಿಲು ಇವನಿಗೆ ತೆರೆಯಲಿಲ್ಲ. ಅಷ್ಟರಲ್ಲಿ ಏಜೆಂಟನ ಕಡೆಯವರು ಬಂದು ಬೇಲಿಯನ್ನು ಹಳೆಯ ಗುಂಡಿಗಳಲ್ಲೇ ನೆಟ್ಟು ಹೋದರು.

ಪ್ರಿಯಾಂಕಾ ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. "ಎಂಬತ್ನಾಕು ವರ್ಷದ ಅಜ್ಜಿ ಅಪ್ಪಾ ಆಕಿ. ಒಂದು ಚೌಕ ಗೆರಿ ಎಳದ್ರ ನಿಮ್ಮ ಗಂಟೇನು ಹೋಗತದ?"

ಎಲ್ಲಿ ಎಳೆಯಲಿ ಎಂದು ಅವನ ಪ್ರಶ್ನೆ. ಮಸೀದಿಯ ಅಂಗಳದಲ್ಲೇ? ಕಣದಲ್ಲೇ? ಸುಳ್ಳು ಗೆರೆ ಒಂದು ಎಳೆದರೆ ಉಳಿದ ಅರವತ್ತೊಂದೂ ಸುಳ್ಳಾಗುತ್ತವೆ ಎಂದು ಅವನು ವಾದ ಹೂಡಿದ. ಮಗಳು ಕೈ ಮುಗಿದು ಎದ್ದು ಹೋದಳು. ಅವನಿಗೂ ತಾನು ಸರಿ ಎಂಬ ನಂಬಿಕೆ ಇತ್ತೇನು? ಇರಲಿಲ್ಲ.

ಹನ್ನೊಂದನೆಯ ದಿನ ಮಗಳ ಕೈಯಿಂದ ಶೇಂಗಾ ಹೋಳಿಗೆ ಮಾಡಿಸಿಕೊಂಡು ಹೋದ. ರೀಮಾ ಇದ್ದಳು, ಒಳಗೆ ಬಿಟ್ಟಳು. ಸಾಮಿಯಾ ಅಡುಗೆಮನೆಯಲ್ಲಿ ತಲೆ ಎತ್ತಿ ಛಾವಣಿ ನೋಡುತ್ತ ನಿಂತಿದ್ದಳು. ಮೇಲಿನ ಬಚ್ಚಲಿಂದ ನೀರು ಸೋರಿ ಛಾವಣಿಗೆ ತೇವ ಹಿಡಿದಿತ್ತು, ಗಿಲಾವಿನ ಪುಡಿ ಉದುರಿ ಅವಳು ಕಲಸಿಟ್ಟ ಹಿಟ್ಟಿನ ಮೇಲೆ ಬಿದ್ದಿತ್ತು. ಏಜೆಂಟನಿಗೆ ನಾಲ್ಕು ಸಲ ಹೇಳಿದರೂ ಬಂದಿಲ್ಲ ಎಂದು ರೀಮಾ ಸಿಡಿಮಿಡಿಗೊಂಡಳು. ಸಾಮಿಯಾ ಇವನ ಕಡೆ ನೋಡದೆ, ಹಿಟ್ಟಿನೊಳಗಿನ ಪುಡಿ ಆಯುತ್ತ, ತನ್ನಷ್ಟಕ್ಕೆ ಎಂಬಂತೆ ಮಾತಾಡಿದಳು. ಈಗ ನನಗೆ ಹಾಜಿ ಮೂಸಾನ ಹಿರಿ ಸೊಸೆಯ ಸಿಟ್ಟು ಅರ್ಥವಾಗುತ್ತದೆ ಎಂದಳು. ಮೊದಲ ಮಳೆ ಬಿದ್ದ ಕೂಡಲೆ ನಮ್ಮಪ್ಪ ಬಾಗಿಲ ಮುಂದೆ ಗುಂಡುಕಲ್ಲು ಉರುಳಿಸಿ ಮಣ್ಣು ಗಟ್ಟಿ ಮಾಡುತ್ತಿದ್ದ, ಅವಳು ನನ್ನ ಹಿಟ್ಟಿನಲ್ಲಿ ಮಣ್ಣು ಬಿತ್ತು ಎಂದು ಕಿರುಚುತ್ತಿದ್ದಳು.

ನಿಜಲಿಂಗಪ್ಪ ಹೋಳಿಗೆಯ ಡಬ್ಬಿ ಹಿಡಿದುಕೊಂಡೇ ನಿಂತುಬಿಟ್ಟ. ನಿಮ್ಮ ಬಾಗಿಲ ಮುಂದೆ ಕಲ್ಲು ಉರುಳಿಸಿದರೆ ಆಕೆಯ ಹಿಟ್ಟಿನಲ್ಲಿ ಮಣ್ಣು ಹೇಗೆ ಬೀಳುತ್ತದೆ? ಅಂಗಳದಲ್ಲಿ ಉರುಳಿಸಿದರೆ ಬೀಳುವುದಿಲ್ಲ. ಮಣ್ಣಿನ ಮಾಳಿಗೆಯ, ಅಂದರೆ ಮಟ್ಟಸ ಛಾವಣಿಯ, ಮನೆಯಲ್ಲೇ ಹುಟ್ಟಿ ಬೆಳೆದವನು ಅವನು. ಮಳೆಗಾಲದ ಮುಂಚೆ ಮಾಳಿಗೆಗೆ ಮಣ್ಣು ಹಾಕಿ ಬಡಿಯುವಾಗ ಒಳಗೆ ಅವ್ವ ಗಡಿಗೆಗಳಿಗೆಲ್ಲ ಬಟ್ಟೆ ಮುಚ್ಚುತ್ತಿದ್ದುದನ್ನು ನೋಡಿದವನು.

"ಅಕ್ಕಾರ, ನೀವು ಹಾಜಿ ಮೂಸಾರ ಮಾಳಗಿ ಮ್ಯಾಲೆ ಇದ್ರೇನು?"

ಅವಳು ಈಗ ಅವನ ಕಡೆ ತಿರುಗಿದಳು. ಹೌದು, ಇನ್ನೆಲ್ಲಿ ಎಂಬಂತೆ ನೋಡಿದಳು. ಮಾಳಿಗೆಯ ಮೇಲೆ ಒಂದು ಕೋಣೆ, ಕೋಣೆಯ ಮುಂದೆ ಮಾಳಿಗೆಯೇ ಅಂಗಳ, ಓಣಿಯಿಂದ ಕಲ್ಲಿನ ಮೆಟ್ಟಿಲು. ಮದುವೆಯಾಗಿ ಬಂದು ಮೂರು ಮಕ್ಕಳನ್ನು ಹೆತ್ತ ಅಮ್ಮ ಆ ಕೋಣೆಯಿಂದಲೇ ಊರು ಬಿಟ್ಟು ಹೊರಟದ್ದು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಇವನು ಹೆಚ್ಚುಕಡಿಮೆ ಗದರಿದ.

"ನೀವು ನಾಕು ದಿಕ್ಕು ಕೇಳಿದ್ರಿ, ನಾಕೂ ಹೇಳಿದೆ," ಅಂದಳು ಸಾಮಿಯಾ. "ಕೆಳಗ ಯಾರು ಅಂತ ನೀವು ಎಂದಾದ್ರೂ ಕೇಳೀರೇನು?" ಆಮೇಲೆ ದನಿ ತಗ್ಗಿಸಿ, ಊರ ಹುಡುಗರು ನಮ್ಮನ್ನು ಮಾಳಿಗೆ ಹತ್ತಿ ಕೂರುವ ಕೋಳಿಗಳು ಎಂದು ಕರೆಯುತ್ತಿದ್ದರು, ಆ ಮಾತು ನನ್ನ ಬಾಯಿಂದ ಯಾಕೆ ಬರಬೇಕು ಎಂದಳು.

ಅವನು ಕುರ್ಚಿ ಎಳೆದುಕೊಂಡು ಕೂತ. ಲಂಡನ್ನಿಗೆ ಬಂದು ಆರು ವರ್ಷ. ಜನ ಜನದ ತಲೆಯ ಮೇಲೆ ಸಂಸಾರ ಹೂಡಿರುವುದನ್ನು ದಿನಾ ನೋಡುತ್ತಾನೆ, ಎದುರಿನ ಬಾಗಿಲಿಗೆ ಎರಡೆರಡು ಬೆಲ್ ಇವೆ. ಆದರೂ ಹೊಳೆಯಲಿಲ್ಲವಲ್ಲ! ಖುಷಿಯಾಗಬೇಕಿತ್ತು, ಲೆಕ್ಕ ಬಿಡಿಸಿದ ಖುಷಿ. ಆಗಲಿಲ್ಲ. ಅವನ ಮುಖ ನೋಡಿ ರೀಮಾ, ಅಂಕಲ್ ನೀರು ಬೇಕೇ ಎಂದು ಕೇಳಿದಳು.

ಭಾನುವಾರ ಅಮ್ಮಾನಿಗೆ ವಿಡಿಯೋ ಕಾಲ್ ಮಾಡಿದರು. ಹದಿನೇಳನೆಯ ನಂಬರಿನಲ್ಲಿ ಇನ್ನೊಂದು ಹೆಸರು ಬರೆಯಬೇಕೆಂದರೆ ಆ ಮನೆಯವನು ಒಪ್ಪಬೇಕಿತ್ತು, ಪುಸ್ತಕದ ಕಮಿಟಿಯವರ ಕಟ್ಟಳೆ. ಅಬು ನಾಯೆಫ್ ಫೋನನ್ನು ಎಷ್ಟು ಹತ್ತಿರ ಹಿಡಿದಿದ್ದನೆಂದರೆ ಅವನ ಹಣೆ ಒಂದೇ ಕಾಣುತ್ತಿತ್ತು. ಹಣೆ ಒಪ್ಪಲಿಲ್ಲ. ಕೋಣೆ ಇದ್ದದ್ದು ನಿಜ, ನಮ್ಮ ತಂದೆ ಕನಿಕರಪಟ್ಟು ಬಿಟ್ಟುಕೊಟ್ಟದ್ದು, ಮಾಳಿಗೆ ಕೆಳಗಿನವನದು, ನೆಲದ ಮೇಲೆ ಬಾಗಿಲಿದ್ದರೆ ಅದು ಮನೆ, ಇಲ್ಲದಿದ್ದರೆ ಮನೆಯಲ್ಲ. ರೀಮಾ ಒಂದೊಂದನ್ನೇ ಇಂಗ್ಲಿಷಿಗೆ ತಂದು ಹೇಳುತ್ತಿದ್ದಳು. ಹೇಳುವ ಅಗತ್ಯವೇ ಇರಲಿಲ್ಲ. ನೆಲದ ಮೇಲೆ ಬಾಗಿಲು ಎಂಬ ಆ ಮಾತನ್ನು ನಿಜಲಿಂಗಪ್ಪ ತಾನೇ ಎಷ್ಟೋ ಸಲ, ಸರ್ಕಾರಿ ಕನ್ನಡದಲ್ಲಿ, ಸಹಿ ಹಾಕಿ ಬರೆದಿದ್ದ.

ಸಾಮಿಯಾ ಸೋಫಾದ ತುದಿಯಲ್ಲಿ ಕೂತು ಸೆರಗಿನಂಥ ತಲೆವಸ್ತ್ರದ ಅಂಚನ್ನು ಸುತ್ತುತ್ತಿದ್ದಳು. ಇನ್ನೇನು ಮುದುಕ ಫೋನು ಇಡುತ್ತಾನೆ ಎನ್ನುವಾಗ ನಿಜಲಿಂಗಪ್ಪ ನಡುವೆ ಬಾಯಿ ಹಾಕಿದ. ವಾದಕ್ಕಲ್ಲ, ನಕ್ಷೆಯಲ್ಲಿ ಮೆಟ್ಟಿಲು ತೋರಿಸಬೇಕು, ಎಷ್ಟಿದ್ದವು ಕೇಳು ಎಂದು ರೀಮಾಳಿಗೆ ಹೇಳಿದ. ಅವಳು ಕೇಳಿದಳು.

ಹನ್ನೊಂದು, ಅಂದ ಮುದುಕ, ಥಟ್ಟನೆ.

ಸಾಮಿಯಾ ಎದ್ದು ನಿಂತಳು. ಹನ್ನೆರಡು ಎಂದಳು. ಅಲ್ಲಿಂದ ಶುರುವಾಯಿತು ನೋಡಿ! ಹತ್ತು ನಿಮಿಷ ಅರಬ್ಬಿಯಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಕೂಗಾಡಿದರು. ರೀಮಾ ಎರಡು ವಾಕ್ಯ ಹಿಡಿದು ಮೂರನೆಯದಕ್ಕೆ ಕೈ ಚೆಲ್ಲಿದಳು. ನಿಜಲಿಂಗಪ್ಪನಿಗೆ ಒಂದಕ್ಷರ ತಿಳಿಯಲಿಲ್ಲ. ಜಗಳ ಮೆಟ್ಟಿಲದೋ ಮನೆಯದೋ ಸತ್ತವರದೋ ಏನೂ ತಿಳಿಯದೆ ಅವರ ಬಾಯಿ ನೋಡುತ್ತ ಕೂತ. ಆಮೇಲೆ ಮುದುಕನ ದನಿ ತಟ್ಟನೆ ಇಳಿಯಿತು. ಅವನು ನಿಧಾನವಾಗಿ ಏನೋ ಹೇಳಿದ. ಸಾಮಿಯಾ ಕೂತಳು, ಫೋನನ್ನು ರೀಮಾಳ ಕೈಯಿಂದ ತಾನೇ ತೆಗೆದುಕೊಂಡಳು.

ರೀಮಾ ಇವನ ಕಿವಿಯಲ್ಲಿ ಹೇಳಿದಳು. ಊರು ಬಿಟ್ಟ ಆ ಬೆಳಗಿನ ಜಾವ, ಮೇಲಿನವರನ್ನು ಎಬ್ಬಿಸು ಎಂದು ತಂದೆ ಅಬು ನಾಯೆಫನನ್ನು ಅಟ್ಟಿದ್ದನಂತೆ. ಆಗ ಅವನಿಗೆ ಹನ್ನೆರಡು ವರ್ಷ. ಕತ್ತಲೆಯಲ್ಲಿ ಭಯವಾಗಿ, ಭಯ ಹೋಗಲೆಂದು ಮೆಟ್ಟಿಲು ಎಣಿಸುತ್ತ ಹತ್ತಿದ್ದನಂತೆ. ಹನ್ನೊಂದು ಎಣಿಸಿ ಬಾಗಿಲು ಬಡಿದನಂತೆ. ಅಂದು ಬಾಗಿಲು ಬಡಿದವರು ಯಾರೆಂದು ಇಷ್ಟು ವರ್ಷ ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ಯಾರೂ ಬಡಿಯದಿದ್ದರೆ ಅವರು ಮಲಗಿಯೇ ಇರುತ್ತಿದ್ದರು.

ಅಬು ನಾಯೆಫ್ ಕೊನೆಗೆ ಆಡಿದ್ದು ಒಂದೇ ಮಾತು: ಬಾಗಿಲು ಬಡಿದವನು ನಾನೇ ಅಂದಮೇಲೆ ಮನೆ ಇರಲಿಲ್ಲ ಎಂದು ಹೇಗೆ ಅನ್ನಲಿ, ಬರೆಯಲಿ. ಮೆಟ್ಟಿಲು ಮಾತ್ರ ಹನ್ನೊಂದೇ ಎಂದು ಸೇರಿಸಿದ. ಸಾಮಿಯಾ ಅಳುತ್ತಲೇ ಹನ್ನೆರಡು ಎಂದಳು.

ಮರುದಿನ ನಿಜಲಿಂಗಪ್ಪ ಹದಿನೇಳನೆಯ ಚೌಕದೊಳಗೆ ಇನ್ನೊಂದು ಸಣ್ಣ ಚೌಕ ಎಳೆದು, ಓಣಿಯಿಂದ ಮೆಟ್ಟಿಲ ಗೆರೆ ಹಾಕಿ, ಅರವತ್ತೆರಡು ಎಂದು ನಂಬರು ಕೊಟ್ಟ. ಅದರೆದುರು ಖಲೀಲನ ಹೆಸರು ಬರೆದ. ಮೆಟ್ಟಿಲ ಗೆರೆಗಳನ್ನು ಬೇಕೆಂದೇ ಎಣಿಸಲಿಲ್ಲ. ಹಾಳೆಯನ್ನು ಸುತ್ತಿ ಪಕ್ಕದ ಮನೆಗೆ ಒಯ್ದ. ಸಾಮಿಯಾ ಅದನ್ನು ಮಡಿಲಲ್ಲಿ ಹರಡಿಕೊಂಡು ಆ ಸಣ್ಣ ಚೌಕದ ಮೇಲೆ ಬೆರಳಿಟ್ಟಳು. ಅವನ ಕೈ ಹಿಡಿದು, ನೀವು ಇಲ್ಲದಿದ್ದರೆ ನಮ್ಮಪ್ಪ ಇರುತ್ತಿರಲಿಲ್ಲ ಎಂದಳು.

ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ಆ ಮಾತು ಅವನಿಗೆ ತಡೆಯಲಾಗಲಿಲ್ಲ, ಹೊಗಳಿಕೆ ಕಳ್ಳಮಾಲಿನಂತೆ ಕೈ ಸುಟ್ಟಿತು. ತನ್ನದೊಂದು ಇದೆ ಎಂದು ಶುರುಮಾಡಿದ. ಮುಳುಗಡೆಯ ಊರೊಂದರಲ್ಲಿ ಪಾರವ್ವ ಎಂಬ ವಿಧವೆ, ಮೈದುನನ ಮನೆಯ ಮಾಳಿಗೆಯ ಮೇಲೆ ತಗಡು ಹೊಚ್ಚಿಕೊಂಡು ಎರಡು ಮಕ್ಕಳನ್ನಿಟ್ಟುಕೊಂಡಿದ್ದಳು. ಹೊಸ ಊರಿನಲ್ಲಿ ಮನೆಗೊಂದು ಜಾಗ. ಇವನು ಕೆಳಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮನೆ ಒಂದೇ ಎಂದು ಬರೆದ. ಮೈದುನನಿಗೆ ಜಾಗ ಬಂತು, ಆಕೆಗೆ ಬರಲಿಲ್ಲ. ನೀರು ಬಂದಮೇಲೆ ಆಕೆ ಎಲ್ಲಿಗೆ ಹೋದಳೋ ಇವನಿಗೆ ಗೊತ್ತಿಲ್ಲ, ಯಾರನ್ನೂ ಕೇಳಲಿಲ್ಲ. ಬರೆಯುವಾಗ ಆಕೆ ಅತ್ತಿರಲಿಲ್ಲ, ಕಾಲಿಗೆ ಬಿದ್ದಿರಲಿಲ್ಲ. ಸಾಹೇಬ್ರ, ಒಂದ ಸಲ ಏಣಿ ಹತ್ತಿ ನೋಡ್ರಿ ಅಂದಿದ್ದಳು, ಅಷ್ಟೇ.

ಸಾಮಿಯಾ ಅವನ ಕೈ ಬಿಟ್ಟಳು.

"ಹತ್ತಿದ್ರಿ?" ಎಂದು ಕೇಳಿದಳು.

"ಇಲ್ರಿ," ಅಂದ ನಿಜಲಿಂಗಪ್ಪ.